‘ಶಾಂತಿಪಾಲನೆ’ ಯಾರ ಮಾತು?

‘ಪಾಲಿಸು’ ಎಂಬ ಮಾತು ಕನ್ನಡದಲ್ಲಿ ಎರಡು ಬಗೆಯಾಗಿ ಬಾಳಿದೆ. ನಮಗೆ ನಾವೇ ಕಟ್ಟು ಹಾಕಿಕೊಂಡು ಅದರಂತೆ ನಡೆಯುವುದು ಒಂದು: ವ್ರತ ಪಾಲಿಸುತ್ತೇವೆ, ಮೌನ ಪಾಲಿಸುತ್ತೇವೆ, ಕೊಟ್ಟ ಮಾತನ್ನು ಪಾಲಿಸುತ್ತೇವೆ. ನಮ್ಮ ಆಸರೆಯಲ್ಲಿರುವವರನ್ನು ಸಲಹುವುದು ಇನ್ನೊಂದು: ಮಕ್ಕಳ ಪಾಲನೆ ಪೋಷಣೆ, ಶಾಲೆಯಲ್ಲಿ ಪಾಲಕರ ಸಭೆ, ಗೋವುಗಳಿಗೆ ಗೋಪಾಲ. ದಾಸರ ಪದಗಳಲ್ಲಿ ಭಕ್ತ ದೇವರನ್ನು ಪಾಲಿಸು ಎಂದು ಬೇಡುವುದು ಈ ಎರಡನೆಯ ಅರ್ಥದಲ್ಲಿ. ಆಜ್ಞಾಪಾಲನೆ, ಶಿಸ್ತುಪಾಲನೆಯಂಥ ಗಡಸು ಮಾತುಗಳಲ್ಲೂ ಪಾಲಿಸುವವನು ಆಜ್ಞೆಗೆ ಒಳಪಟ್ಟವನು, ಬೆತ್ತ ಹಿಡಿದವನಲ್ಲ. ಒಬ್ಬರ ವ್ರತವನ್ನು ಇನ್ನೊಬ್ಬರು ಬಂದೂಕು ಹಿಡಿದು ಪಾಲಿಸಲಾಗದು ಎಂಬ ತಿಳಿವಳಿಕೆ ಈ ಕ್ರಿಯಾಪದದ ಒಳಗೇ ಇದೆ.

ಇಂಥ ಮಾತನ್ನು ‘ಶಾಂತಿ’ಗೂ ‘ಪಡೆ’ಗೂ ನಡುವೆ ಇಟ್ಟು ‘ಶಾಂತಿಪಾಲನಾ ಪಡೆ’ ಎಂಬ ಪದ ಕಟ್ಟಿದ್ದೇವೆ. ಪತ್ರಿಕೆ ಓದುವ ಯಾರಿಗೂ ಇದು ಹೊಸದಲ್ಲ. ಒಂದು ದೇಶದ ಸೈನ್ಯ ಇನ್ನೊಂದು ದೇಶದ ನೆಲದ ಮೇಲೆ ಕಾಲಿಟ್ಟಾಗ ಅದನ್ನು ಏನೆಂದು ಕರೆಯಬೇಕು ಎಂಬ ಜಗಳದಲ್ಲಿ ಈ ಪದಕ್ಕೆ ದೊಡ್ಡ ಪಾತ್ರವಿದೆ. ಹಸ್ತಕ್ಷೇಪ, ಮಧ್ಯಪ್ರವೇಶ, ಆಕ್ರಮಣ, ನೆರವು ಎಲ್ಲವೂ ಆ ಜಗಳದಲ್ಲಿ ಇವೆ. ಆದರೆ ಹಸ್ತಕ್ಷೇಪ ಎಂದರೆ ಕೇಳುವವರು ತಕ್ಷಣ ಎಚ್ಚರವಾಗುತ್ತಾರೆ. ಶಾಂತಿಪಾಲನೆ ಎಂದರೆ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಹಾಗಾಗಿ ಹೆಚ್ಚು ಪರೀಕ್ಷೆಗೆ ಒಳಗಾಗಬೇಕಾದದ್ದು ಈ ಒಳ್ಳೆಯ ಪದವೇ.

ವಿಶ್ವಸಂಸ್ಥೆಯ ಸನ್ನದಿನಲ್ಲಿ ಈ ಪದ ಇಲ್ಲ. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಗಾಜಾಕ್ಕೂ ಸಿನಾಯ್‌ಗೂ ಹೋದ ವಿಶ್ವಸಂಸ್ಥೆಯ ತುರ್ತು ಪಡೆಯ ಅನುಭವದಿಂದ ಅದರ ಅರ್ಥ ಗಟ್ಟಿಯಾಯಿತು. ಆತಿಥೇಯ ದೇಶ ಒಪ್ಪಿರಬೇಕು. ಯಾರ ಪಕ್ಷವನ್ನೂ ವಹಿಸಬಾರದು. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸಬಾರದು. ಆ ಪಡೆಯಲ್ಲಿ ಭಾರತದ ಸೈನಿಕರಿದ್ದರು. ಹೊಯ್ಸಳ ಗುಡಿಗಳ ದ್ವಾರಪಾಲಕನ ಕೈಯಲ್ಲೂ ಗದೆಯಿದೆ, ಆದರೆ ಅವನು ಬಾಗಿಲ ಹೊರಗೆ ನಿಲ್ಲುತ್ತಾನೆ, ಗರ್ಭಗುಡಿಗೆ ನುಗ್ಗುವುದಿಲ್ಲ. ಮೊದಲ ಕಾಲದ ಶಾಂತಿಪಾಲಕನ ಕಲ್ಪನೆ ಹೆಚ್ಚುಕಮ್ಮಿ ಅದೇ.

ಕನ್ನಡನಾಡಿಗೆ ಈ ಪದದ ಒಳ್ಳೆಯ ಮುಖ ಗೊತ್ತು, ಏಕೆಂದರೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ ಅದನ್ನು ಬಾಳಿ ತೋರಿಸಿದರು. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಅಲ್ಲಿಗೆ ಹೋದ ಭಾರತೀಯ ತುಕಡಿಯ ಹೆಸರು ‘ಕಸ್ಟೋಡಿಯನ್ ಫೋರ್ಸ್’, ಅಂದರೆ ಪಾಲಕ ಪಡೆ. ಯಾವ ಕೈದಿಯನ್ನೂ ಬಲವಂತವಾಗಿ ಯಾವ ಕಡೆಗೂ ದಬ್ಬಕೂಡದು ಎಂಬುದೇ ಅವರ ಕೆಲಸದ ತಿರುಳು. ಮುಂದೆ 1964ರಲ್ಲಿ ತಿಮ್ಮಯ್ಯ ಸೈಪ್ರಸ್‌ನಲ್ಲಿ ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟ್ಟರ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಆ ದ್ವೀಪ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಹೊರಗಿನಿಂದ ಬಂದ ಸೇನಾನಿಯೊಬ್ಬನನ್ನು ಒಂದು ದೇಶ ಹೀಗೆ ನೆನೆಯುವುದು ಸಣ್ಣ ಮಾತಲ್ಲ.

ಆ ಕಾಲವೆಲ್ಲ ನಿರ್ಮಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕಾಂಗೋದಲ್ಲಿ 1961ರಲ್ಲಿ ಅದೇ ವಿಶ್ವಸಂಸ್ಥೆಯ ಪಡೆ ಕಟಾಂಗಾದ ಬಂಡಾಯದ ವಿರುದ್ಧ ಯುದ್ಧ ಮಾಡಿತು. ಪದ ಆಗಲೇ ಬಿರುಕು ಬಿಟ್ಟಿತ್ತು. ಆದರೂ ಅದರ ಪೂರ್ಣ ಪರೀಕ್ಷೆ ನಡೆದದ್ದು ಪಾಕ್ ಜಲಸಂಧಿಯ ಆಚೆ, ನಮ್ಮ ಪಕ್ಕದ ಶ್ರೀಲಂಕಾದಲ್ಲಿ, 1987ರಲ್ಲಿ. ಅಲ್ಲಿಗೆ ಹೋದದ್ದು ವಿಶ್ವಸಂಸ್ಥೆಯ ಪಡೆಯಲ್ಲ, ಒಬ್ಬಂಟಿ ಭಾರತ.

1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳು ಉರಿದಿದ್ದವು. 1987ರ ಮೇ ತಿಂಗಳಲ್ಲಿ ಶ್ರೀಲಂಕಾ ಸೇನೆ ಉತ್ತರದ ತಮಿಳು ಸೀಮೆಯ ವಡಮರಾಚ್ಚಿಯ ಮೇಲೆ ದಾಳಿ ನಡೆಸಿತು, ಜಾಫ್ನಾ ಪರ್ಯಾಯದ್ವೀಪ ದಿಗ್ಬಂಧನದಲ್ಲಿ ಬಳಲುತ್ತಿತ್ತು. ಅಲ್ಲಿನ ಜನರ ಸಂಕಟ ನಿಜ, ನೆರವು ಬೇಕಿದ್ದದ್ದೂ ನಿಜ. ಭಾರತ ಮೊದಲು ರಾಮೇಶ್ವರದಿಂದ ದೋಣಿಗಳಲ್ಲಿ ಆಹಾರ ಕಳಿಸಿತು. ಶ್ರೀಲಂಕಾದ ನೌಕಾಪಡೆ ಅವನ್ನು ತಿರುಗಿಸಿ ಕಳಿಸಿತು. ಮರುದಿನ, ಜೂನ್ 4ರಂದು, ಬೆಂಗಳೂರಿನಿಂದ ಐದು ಎಎನ್-32 ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಹಾರಿ ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಸುರಿದವು. ಕಾರ್ಯಾಚರಣೆಗೆ ಇಟ್ಟ ಹೆಸರು ‘ಪೂಮಾಲೈ’. ತಮಿಳಿನ ಆ ಪದ ನಮಗೆ ಹೂಮಾಲೆ. ಹಸಿದವರಿಗೆ ಅನ್ನ ಕೊಡುವುದು ಧರ್ಮ. ಆದರೆ ಅನ್ನದ ಜೊತೆಗೆ ಯುದ್ಧವಿಮಾನ ಹೋದಾಗ ಅದು ಕೊಲಂಬೊಗೆ ಕೊಟ್ಟ ಎಚ್ಚರಿಕೆಯೂ ಆಗಿತ್ತು, ಅಲ್ಲಿ ಅದನ್ನು ಹಾಗೆಯೇ ಓದಿಕೊಂಡರು.

ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜೆ. ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಅನುಬಂಧದಲ್ಲಿ ಒಂದು ವಾಕ್ಯವಿದೆ: ಶ್ರೀಲಂಕಾದ ಅಧ್ಯಕ್ಷರು ಭಾರತದ ಶಾಂತಿಪಾಲನಾ ತುಕಡಿಯನ್ನು ಕರೆಸಿಕೊಳ್ಳಬಹುದು, ಕದನ ನಿಲ್ಲುವುದನ್ನು ಅದು ಖಾತರಿಪಡಿಸಬೇಕು ಮತ್ತು ಜಾರಿಗೊಳಿಸಬೇಕು. ಜಾರಿಗೊಳಿಸುವುದು! ಇಡೀ ದುರಂತ ಈ ಒಂದು ಕ್ರಿಯಾಪದದಲ್ಲಿ ಅಡಗಿದೆ. ಪಾಲಿಸುವುದು ಬೇರೆ, ಜಾರಿಗೊಳಿಸುವುದು ಬೇರೆ. ಜಪ್ತಿಯ ಆದೇಶ, ನಿಷೇಧಾಜ್ಞೆ, ಕರ್ಫ್ಯೂ ಜಾರಿಯಾಗುತ್ತವೆ. ಜಾರಿಯಲ್ಲಿ ಎದುರಿಗಿರುವವನ ಒಪ್ಪಿಗೆ ಯಾರೂ ಕೇಳುವುದಿಲ್ಲ. ಸಹಿ ಮಾಡಿದ್ದು ಎರಡು ಸರ್ಕಾರಗಳು. ಹೋರಾಡುತ್ತಿದ್ದ ತಮಿಳು ಹುಲಿಗಳ ಸಹಿ ಅದರಲ್ಲಿ ಇರಲಿಲ್ಲ. ಜಾಫ್ನಾದ ಸಾಮಾನ್ಯ ಜನರನ್ನಂತೂ ಯಾರೂ ಕೇಳಲಿಲ್ಲ. ಮೇಲಾಗಿ 1983ರಿಂದ ತಮಿಳು ಗುಂಪುಗಳಿಗೆ ತರಬೇತಿ, ಆಯುಧ ಕೊಟ್ಟ ದೇಶವೇ ಈಗ ಅವರ ಆಯುಧ ಕಸಿಯುವ ತಟಸ್ಥ ಪಾಲಕನಾಗಬೇಕಿತ್ತು. ಮೂರು ಕಟ್ಟಳೆಗಳಲ್ಲಿ ತಟಸ್ಥತೆ ಮೊದಲೇ ಇರಲಿಲ್ಲ, ಒಪ್ಪಿಗೆ ಅರ್ಧ ಇತ್ತು. ಉಳಿದದ್ದು ಗುಂಡು ಹಾರಿಸದಿರುವುದು ಒಂದೇ.

ಅದೂ ಎರಡು ತಿಂಗಳು ಉಳಿಯಿತು. ಮೊದಲ ದಿನಗಳಲ್ಲಿ ಜಾಫ್ನಾದ ಜನ ಭಾರತೀಯ ಸೈನಿಕರಿಗೆ ನಿಜವಾಗಿಯೂ ಹೂಮಾಲೆ ಹಾಕಿ ಬರಮಾಡಿಕೊಂಡರು. ಸೆಪ್ಟೆಂಬರ್ 26ರಂದು ಹುಲಿಗಳ ತಿಲೀಪನ್ ನಲ್ಲೂರು ಕಂದಸ್ವಾಮಿ ಗುಡಿಯ ಬಳಿ ಉಪವಾಸದಲ್ಲಿ ಸತ್ತ. ಅಕ್ಟೋಬರ್ 5ರಂದು ಶ್ರೀಲಂಕಾ ನೌಕಾಪಡೆ ಹಿಡಿದಿದ್ದ ಹುಲಿಗಳು ಪಲಾಲಿಯಲ್ಲಿ ಸಯನೈಡ್ ನುಂಗಿದರು. ಹುಲಿಗಳು ಪೂರ್ವ ಭಾಗದಲ್ಲಿ ಸಿಂಹಳೀಯ ನಾಗರಿಕರನ್ನು ಕೊಂದರು. ಕೆಲವೇ ದಿನಗಳಲ್ಲಿ ‘ಆಪರೇಷನ್ ಪವನ್’ ಆರಂಭವಾಗಿ ಶಾಂತಿಪಾಲನಾ ಪಡೆ ಜಾಫ್ನಾ ನಗರವನ್ನು ಗೆಲ್ಲಲು ಫಿರಂಗಿ, ಟ್ಯಾಂಕುಗಳೊಡನೆ ಮುಂದುವರಿಯಿತು. ಅದೇ ಪಡೆ, ಅದೇ ಹೆಸರು, ಮಾಡುತ್ತಿದ್ದದ್ದು ಮಾತ್ರ ಪೂರ್ಣ ಪ್ರಮಾಣದ ಯುದ್ಧ.

1987ರ ಅಕ್ಟೋಬರ್ 21 ದೀಪಾವಳಿ. ಅಂದು ಸಂಜೆ ಭಾರತೀಯ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ಬಂದರು. ಅದಕ್ಕೆ ಮುನ್ನ ಆವರಣದಲ್ಲಿ ಹುಲಿಗಳು ಕಂಡಾಗ ವೈದ್ಯರು ಹೊರಹೋಗುವಂತೆ ಕೇಳಿಕೊಂಡಿದ್ದರು. ಸೈನಿಕರು ವಾರ್ಡು, ಕಚೇರಿ, ಎಕ್ಸ್‌ರೇ ಕೋಣೆಗಳಲ್ಲಿ ಅಡಗಿದ್ದವರ ಮೇಲೆ ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಬದುಕಿದವರು ಹೆಣಗಳ ನಡುವೆ ಸತ್ತವರಂತೆ ಮಲಗಿ ರಾತ್ರಿ ಕಳೆದರು. ಮರುದಿನ ಬೆಳಿಗ್ಗೆ ಮಕ್ಕಳ ವೈದ್ಯರೊಬ್ಬರು ಕೈಗಳನ್ನೆತ್ತಿ, ನಾವು ವೈದ್ಯರು, ಶರಣಾಗಿದ್ದೇವೆ ಎನ್ನುತ್ತ ಹೊರಬಂದರು. ಅವರಿಗೂ ಗುಂಡು ಬಿತ್ತು. ರೋಗಿಗಳು, ವೈದ್ಯರು, ನರ್ಸ್‌ಗಳು, ಕೆಲಸಗಾರರು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಸೇನೆಯ ಕಡೆಯವರು ಒಳಗಿಂದ ಹುಲಿಗಳು ಗುಂಡು ಹಾರಿಸುತ್ತಿದ್ದರೆಂದೂ ಸತ್ತವರು ಗುಂಡಿನ ಚಕಮಕಿಯಲ್ಲಿ ಸಿಕ್ಕಿಕೊಂಡವರೆಂದೂ ಹೇಳಿದರು.

‘ಗುಂಡಿನ ಚಕಮಕಿ’. ಕನ್ನಡ ಪತ್ರಿಕೆಗಳು ದಿನವೂ ಬಳಸುವ ನುಡಿ ಇದು. ಚಕಮಕಿ ಕಲ್ಲಿಗೆ ಕಲ್ಲು ತಾಗಿದರೆ ಕಿಡಿ ಹಾರುತ್ತದೆ, ಯಾವ ಕಲ್ಲಿನ ಕಿಡಿ ಎಂದು ಹೇಳಲಾಗದು. ಕೊಂದವರು ಯಾರು ಎಂಬ ಪ್ರಶ್ನೆಯನ್ನು ಈ ನುಡಿ ಅಳಿಸಿಬಿಡುತ್ತದೆ. ‘ಸಿಕ್ಕಿಕೊಂಡವರು’ ಎಂಬ ಮಾತಂತೂ ಸತ್ತವರದೇ ಏನೋ ತಪ್ಪಿತ್ತು ಎಂಬಂತೆ ಕೇಳಿಸುತ್ತದೆ. ರೋಗಿ ತನ್ನ ಹಾಸಿಗೆಯಲ್ಲಿದ್ದ. ಅವನು ಎಲ್ಲಿಗೂ ಹೋಗಿ ಸಿಕ್ಕಿಕೊಂಡಿರಲಿಲ್ಲ.

ಇದೇ ವಿವರಣೆ 1989ರ ಆಗಸ್ಟ್‌ನಲ್ಲಿ ಮತ್ತೆ ಬಂತು. ವಲ್ವೆಟ್ಟಿತುರೈ ಎಂಬ ಕಡಲತೀರದ ಊರಿನಲ್ಲಿ ಹುಲಿಗಳು ಹೊಂಚುಹಾಕಿ ಭಾರತೀಯ ಸೈನಿಕರನ್ನು ಕೊಂದರು. ಅದಾದ ಮೇಲೆ ಸೇನೆ ಊರಿಗೆ ನುಗ್ಗಿತು. 50ಕ್ಕೂ ಹೆಚ್ಚು ನಾಗರಿಕರು ಸತ್ತರು, ಮನೆಗಳು ಸುಟ್ಟುಹೋದವು. ಚಕಮಕಿಯಲ್ಲಿ ಸಿಕ್ಕವರು ಎಂದೇ ಅಧಿಕೃತ ಉತ್ತರ. ಇದನ್ನು ಒಪ್ಪದೆ ಎದ್ದು ನಿಂತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಒಬ್ಬರು. ಅಮೆರಿಕದ ಸೈನಿಕರು 1968ರಲ್ಲಿ ವಿಯೆಟ್ನಾಂನ ಮೈ ಲಾಯ್‌ನಲ್ಲಿ ಮಾಡಿದ್ದಕ್ಕೆ ಅವರು ಇದನ್ನು ಹೋಲಿಸಿದರು. ಅಮೆರಿಕವನ್ನು ಬೈಯುವುದು ನಮಗೆ ಸುಲಭ, ನಮ್ಮದೇ ಸೇನೆ ಬೇರೆಯವರ ಊರಿನಲ್ಲಿ ಮಾಡಿದ್ದನ್ನು ಹೇಳುವುದಕ್ಕೆ ಎದೆ ಬೇಕು. ಅದೇ ಫರ್ನಾಂಡಿಸ್ ಮುಂದೆ ದೇಶದ ರಕ್ಷಣಾ ಸಚಿವರಾದರು.

ನನ್ನ ಸಿಟ್ಟು ಸಿಪಾಯಿಯ ಮೇಲಲ್ಲ. ಸರಿಯಾದ ನಕ್ಷೆಯಿಲ್ಲದೆ, ಸ್ಥಳದ ಮಾಹಿತಿಯಿಲ್ಲದೆ, ಶಾಂತಿ ಕಾಯಲು ಹೋಗುತ್ತಿದ್ದೇವೆ ಎಂದುಕೊಂಡು ಹೋದ ಸುಮಾರು 1,200 ಭಾರತೀಯ ಸೈನಿಕರು ಆ ದ್ವೀಪದಲ್ಲಿ ಪ್ರಾಣ ಬಿಟ್ಟರು. ಸುಳ್ಳು ಹೆಸರು ಅವರಿಗೂ ಮೋಸ ಮಾಡಿತು. ಯುದ್ಧಕ್ಕೆ ಹೋಗುತ್ತಿದ್ದೀರಿ ಎಂದು ಹೇಳಿದ್ದರೆ ಸಂಸತ್ತು ಯುದ್ಧದ ಪ್ರಶ್ನೆಗಳನ್ನು ಕೇಳುತ್ತಿತ್ತು, ಸೇನೆ ಯುದ್ಧದ ಸಿದ್ಧತೆ ಮಾಡುತ್ತಿತ್ತು.

ಅಲ್ಲಿನ ಜನ ಆ ಪಡೆಗೆ ಬೇರೆ ಹೆಸರು ಕೊಟ್ಟರು. ಪಡೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಾದ ಐಪಿಕೆಎಫ್ ಎಂಬ ನಾಲ್ಕು ಅಕ್ಷರಗಳನ್ನೇ ಇಟ್ಟುಕೊಂಡು, ಅಮಾಯಕರನ್ನು ಕೊಲ್ಲುವ ಪಡೆ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ದಕ್ಷಿಣದ ಸಿಂಹಳ ಪ್ರದೇಶದಲ್ಲಿ ಸರ್ಕಾರದ ವಿರುದ್ಧ ಬಂಡೆದ್ದಿದ್ದ ಜನತಾ ವಿಮುಕ್ತಿ ಪೆರಮುಣ ಎಂಬ ಸಂಘಟನೆ ಭಾರತದ ಪಡೆ ಬಂದದ್ದನ್ನು ಆಕ್ರಮಣ ಎಂದಿತು, ಭಾರತದ ಸರಕುಗಳನ್ನು ಬಹಿಷ್ಕರಿಸಲು ಕರೆ ಕೊಟ್ಟಿತು. ಆ ಬಂಡಾಯವನ್ನು ಸರ್ಕಾರ ಹತ್ತಿಕ್ಕುವಾಗ ಸಾವಿರಾರು ಸಿಂಹಳೀಯ ತರುಣರು ಸತ್ತರು. ಉತ್ತರದಲ್ಲಿ ಶಾಂತಿ ಕಾಯುವ ಪಡೆ ಬಂದದ್ದು ದಕ್ಷಿಣದ ಹಳ್ಳಿಗಳಲ್ಲಿ ಹೆಣ ಬೀಳುವುದಕ್ಕೂ ಕಾರಣಗಳಲ್ಲೊಂದಾಯಿತು. ವಿದೇಶಿ ಸೇನೆ ಬಂದರೆ ಅದರ ಪರಿಣಾಮ ಅದು ನಿಂತ ನೆಲಕ್ಕಷ್ಟೇ ಸೀಮಿತವಲ್ಲ ಎಂಬುದನ್ನು ನಮ್ಮ ಚರ್ಚೆಗಳು ಸಾಮಾನ್ಯವಾಗಿ ಮರೆಯುತ್ತವೆ.

ಈ ಎಲ್ಲ ಹೆಸರುಗಳ ನಡುವೆ ನಡೆದದ್ದನ್ನು ನಡೆದಂತೆಯೇ ಬರೆದಿಟ್ಟವರು ಜಾಫ್ನಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ ರಜನಿ ತಿರಣಗಮ ಮತ್ತು ಅವರ ಮೂವರು ಸಂಗಾತಿಗಳು. ‘ದಿ ಬ್ರೋಕನ್ ಪಾಲ್ಮೈರಾ’ ಎಂಬ ಅವರ ಪುಸ್ತಕದಲ್ಲಿ ಭಾರತೀಯ ಸೇನೆಯ ಹಿಂಸೆಯೂ ಇದೆ, ಹುಲಿಗಳ ಹಿಂಸೆಯೂ ಇದೆ, ಶ್ರೀಲಂಕಾ ಸೇನೆಯದೂ ಇದೆ. ಈ ಯುದ್ಧ ಹೆಂಗಸರಿಗೆ ಏನು ಮಾಡಿತು ಎಂಬುದೂ ಇದೆ. ಯಾರ ಪದವನ್ನೂ ಎರವಲು ಪಡೆಯದೆ ಎಲ್ಲರನ್ನೂ ಒಂದೇ ಅಳತೆಯಿಂದ ಅಳೆದದ್ದು ಅವರ ಹಿರಿಮೆ. 1989ರ ಸೆಪ್ಟೆಂಬರ್ 21ರಂದು ವಿಶ್ವವಿದ್ಯಾಲಯದಿಂದ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ ಅವರನ್ನು ಗುಂಡಿಟ್ಟು ಕೊಂದರು.

ಪಾಲಕನಿಗೂ ಆಕ್ರಮಣಕಾರನಿಗೂ ಇರುವ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿ ಕಾಣುವುದು, ಹೊರಡು ಎಂದಾಗ. 1967ರಲ್ಲಿ ಈಜಿಪ್ಟ್ ಹೊರಡಿ ಎಂದಾಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಯು ಥಾಂಟ್ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಒಪ್ಪಿದರು. ಅದರ ಬೆನ್ನಿಗೇ ಯುದ್ಧ ಬಂತು, ಗಾಜಾದಲ್ಲಿ ಇನ್ನೂ ಇದ್ದ ಭಾರತೀಯ ಸೈನಿಕರೂ ಸತ್ತರು, ಥಾಂಟ್ ಅವರನ್ನು ಬೈದವರು ಬಹಳ. ಆದರೂ ಅವರು ಕೊಟ್ಟ ಮಾತಿನಂತೆ ನಡೆದುಕೊಂಡರು. 1989ರಲ್ಲಿ ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ ಜುಲೈ ಕೊನೆಯೊಳಗೆ ಹೊರಡಿ ಎಂದು ಭಾರತಕ್ಕೆ ಹೇಳಿದರು. ಆ ಗಡುವಿಗೆ ಭಾರತ ಹೊರಡಲಿಲ್ಲ. ತಮ್ಮ ನೆಲದಿಂದ ಭಾರತೀಯ ಸೇನೆಯನ್ನು ಕಳಿಸಲು ಪ್ರೇಮದಾಸ ಸರ್ಕಾರ ಹುಲಿಗಳಿಗೇ ಆಯುಧ ಕೊಟ್ಟಿತು. ಕೊನೆಯ ತುಕಡಿ ಹಡಗು ಹತ್ತಿದ್ದು ವಿ. ಪಿ. ಸಿಂಗ್ ಪ್ರಧಾನಿಯಾದ ನಂತರ, 1990ರ ಮಾರ್ಚ್ 24ರಂದು. ಮರಳಿದವರನ್ನು ಎದುರುಗೊಳ್ಳಲು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಅದು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಜಾಫ್ನಾದಲ್ಲಿ ಪಡೆಯ ಮೊದಲ ದಳಪತಿಯಾಗಿದ್ದ ಮೇಜರ್ ಜನರಲ್ ಹರ್ಕಿರತ್ ಸಿಂಗ್ ಮುಂದೆ ಬರೆದ ನೆನಪಿನ ಪುಸ್ತಕದ ಶೀರ್ಷಿಕೆ ‘ಇಂಟರ್ವೆನ್ಷನ್ ಇನ್ ಶ್ರೀಲಂಕಾ’. ಹಸ್ತಕ್ಷೇಪ ಎಂಬ ಪದವನ್ನು ಶೀರ್ಷಿಕೆಯ ಮೊದಲಿಗೇ ಇಟ್ಟದ್ದು ಅಲ್ಲಿಗೆ ಹೋಗಿ ಬಂದ ಸೇನಾನಿಯೇ.

ಬೇರೆ ದೇಶಗಳ ಸೇನೆಗಳು ಬೇರೆ ಊರುಗಳಿಗೆ ನುಗ್ಗುವ ಸುದ್ದಿ ಈಗಲೂ ಬರುತ್ತದೆ, ಮುಂದೆಯೂ ಬರುತ್ತದೆ, ಪ್ರತಿ ಸೇನೆಯೂ ತನ್ನ ಹೆಸರನ್ನು ತಾನೇ ಇಟ್ಟುಕೊಂಡು ಬರುತ್ತದೆ. ಸುದ್ದಿಮನೆಗಳಲ್ಲಿ ಕೂತು ಆ ಹೆಸರುಗಳನ್ನು ಕನ್ನಡಕ್ಕೆ ತರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಯಾರು ಕರೆದರು, ಹೊರಡು ಎನ್ನುವ ಹಕ್ಕು ಯಾರಿಗಿದೆ ಎಂದು ಗೊತ್ತಾಗುವವರೆಗೆ ‘ಶಾಂತಿಪಾಲನೆ’ ಬೇಡ. ಸೇನೆ ಎಂದಷ್ಟೇ ಬರೆಯಿರಿ. ಸತ್ತವರು ಚಕಮಕಿಯಲ್ಲಿ ಸಿಕ್ಕರು ಎಂದು ಬರೆಯುವ ಮುನ್ನ ಗುಂಡು ಯಾರದು ಎಂದು ಕೇಳಿ. ಭಾರತ ಸರ್ಕಾರವನ್ನೂ ನಾವು ಕೇಳಬೇಕಾದದ್ದಿದೆ: ಜಾಫ್ನಾ ಆಸ್ಪತ್ರೆಯದೂ ವಲ್ವೆಟ್ಟಿತುರೈಯದೂ ಕಡತಗಳನ್ನು ತೆರೆಯಿರಿ, ಅಲ್ಲಿ ಸತ್ತ ನಾಗರಿಕರ ಹೆಸರುಗಳನ್ನು ಪ್ರಕಟಿಸಿ, ಅವರ ಮನೆಯವರಲ್ಲಿ ಕ್ಷಮೆ ಕೇಳಿ. ಜಾಫ್ನಾದ ಆಸ್ಪತ್ರೆಯ ಸಿಬ್ಬಂದಿ ಅಂದು ಸತ್ತ ತಮ್ಮ ಸಹೋದ್ಯೋಗಿಗಳನ್ನು ಈಗಲೂ ಅಕ್ಟೋಬರ್ 21ರಂದು ನೆನೆಯುತ್ತಾರೆ.