ಎಣಿಕೆಯ ಸಾಧನವೂ ಆಯ್ಕೆಯ ನಿಯಮವೂ

ಪರಮಾಣು ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಿದ್ಧಾಂತಗಳಿಗೆ ಅಗ್ರಸ್ಥಾನವನ್ನು ಕೊಡುತ್ತಾರೆ. ಆ ಸಿದ್ಧಾಂತಗಳಿಗೆ ಆಧಾರವಾದ ಲೆಕ್ಕವು ಹೇಗೆ ದಾಖಲಾಯಿತೆಂಬುದನ್ನು ವಿಚಾರಿಸುವವರು ವಿರಳ. ದಾಖಲೆಯ ಸಾಧನಕ್ಕೆ ಮೂರು ಗುಣಗಳು ಆವಶ್ಯಕ: ನಿಜವಾದ ಘಟನೆಯನ್ನು ಬಿಡಬಾರದು, ಇಲ್ಲದುದನ್ನು ಸೇರಿಸಬಾರದು, ಒಂದನ್ನು ಬರೆದುಕೊಳ್ಳುವಾಗ ಮತ್ತೊಂದಕ್ಕೆ ಕುರುಡಾಗಿರುವ ಕಾಲವು ಅತ್ಯಲ್ಪವಾಗಿರಬೇಕು.

ಮೊದಲಲ್ಲಿ ಮನುಷ್ಯನ ಕಣ್ಣೇ ಈ ಸಾಧನವಾಗಿದ್ದಿತು. ಆಲ್ಫಾ ಕಣಗಳ ಹೊಡೆತದಿಂದ ತೆರೆಯ ಮೇಲೆ ಮೂಡುವ ಮಿಣುಕುಗಳನ್ನು ಕತ್ತಲೆಕೋಣೆಯಲ್ಲಿ ಸೂಕ್ಷ್ಮದರ್ಶಕದ ಮೂಲಕ ಎಣಿಸುತ್ತಿದ್ದರು. ೧೯೨೦ರ ದಶಕದಲ್ಲಿ ವಿಯೆನ್ನಾ ನಗರದ ರೇಡಿಯಂ ಸಂಸ್ಥೆಯ ಪೆಟರ್ಸನ್, ಕಿರ್ಷ್ ಎಂಬ ವಿದ್ವಾಂಸರು, ಕೇಂಬ್ರಿಜ್ಜಿನಲ್ಲಿ ರದರ್‌ಫರ್ಡನ ಬಳಗಕ್ಕೆ ಒಡೆಯದಿದ್ದ ಧಾತುಗಳೂ ತಮ್ಮಲ್ಲಿ ಒಡೆದುವೆಂದು ಸಾರಿದರು. ೧೯೨೭ರ ಡಿಸೆಂಬರಿನಲ್ಲಿ ಚಾಡ್ವಿಕ್ಕನು ಅಲ್ಲಿಗೆ ಹೋಗಿ, ಪ್ರಯೋಗದ ಏರ್ಪಾಡನ್ನು ತಿಳಿಸದೆಯೇ ಅಲ್ಲಿಯವರಿಂದಲೇ ಎಣಿಸಿಸಲು, ಅಧಿಕವಾಗಿದ್ದ ಮಿಣುಕುಗಳು ಕಾಣದೆ ಹೋದುವು. ಎಣಿಸಿದವರು ವಂಚಕರೆಂದು ಹೇಳಲಾಗದು. ನಿರೀಕ್ಷೆಯು ಅವರ ಕಣ್ಣನ್ನು ಆಳಿದ್ದಿತು.

ಆದುದರಿಂದ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸುವುದು ಅನಿವಾರ್ಯವಾಯಿತು. ಎರಡು ಎಣಿಕೆಯಂತ್ರಗಳು ಏಕಕಾಲದಲ್ಲಿ ಮಿಡಿದರೆ ಮಾತ್ರ ಘಟನೆಯೆಂದೆಣಿಸುವ ಕ್ರಮವನ್ನು ಬೋಥೆಯೂ ಗೈಗರನೂ ೧೯೨೪-೨೫ರಲ್ಲಿ ಬಳಸಿದರು. ೧೯೩೦ರಲ್ಲಿ ರೋಸಿಯು ಇದಕ್ಕೆ ವಿದ್ಯುತ್‌ವಾಲ್ವುಗಳ ಮಂಡಲವನ್ನು ರಚಿಸಿದನು. ೧೯೩೨ರಲ್ಲಿ ಬ್ಲ್ಯಾಕೆಟ್ಟನೂ ಓಕಿಯಾಲಿನಿಯೂ ಮೇಘಮಂದಿರದ ಮೇಲೊಂದು, ಕೆಳಗೊಂದು ಎಣಿಕೆಯಂತ್ರವನ್ನಿಟ್ಟು, ವಿಶ್ವಕಿರಣವು ತಾನೇ ತನ್ನ ಛಾಯಾಚಿತ್ರವನ್ನು ತೆಗೆಯಿಸಿಕೊಳ್ಳುವಂತೆ ಮಾಡಿದರು. ಅಂದಾಜಿನ ಮೇಲೆ ತೆಗೆದ ಚಿತ್ರಗಳಲ್ಲಿ ಬಹುಪಾಲು ಬರಿದಾಗಿರುತ್ತಿದ್ದುವು; ಈಗ ಹೆಚ್ಚಿನವುಗಳಲ್ಲಿ ಕಣದ ಜಾಡು ಕಂಡಿತು.

ಇದೇ ತತ್ತ್ವವು ಕನ್ನಡನಾಡಿನ ಕೋಲಾರದ ಚಿನ್ನದ ಗಣಿಯಲ್ಲಿಯೂ ಫಲಿಸಿತು. ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ಎಂಬಲ್ಲಿಯ ವಿಜ್ಞಾನಿಗಳು ೨ ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಯಂತ್ರಗಳನ್ನು ಹೂಡಿದರು. ಅಲ್ಲಿ ಪ್ರಥಮ ಆಯ್ಕೆಯನ್ನು ಮಾಡಿದುದು ಬಂಡೆಯೇ; ಮೇಲಿನಿಂದ ಬರುವ ಕಿರಣಗಳನ್ನು ಅದು ಬಹುಮಟ್ಟಿಗೆ ತಡೆಯಿತು. ಎರಡು ಗೋಡೆಗಳಂತಿದ್ದ ಎಣಿಕೆಯಂತ್ರಗಳು ಒಟ್ಟಿಗೆ ಮಿಡಿದಾಗ ನಡುವಣ ನಿಯಾನ್ ನಳಿಗೆಗಳು ಬೆಳಗಿ ಜಾಡನ್ನು ತೋರಿದುವು. ಹೀಗೆ ೧೯೬೫ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು ದೊರೆಯಿತು. ಘಟನೆಗಳು ಅತಿ ವಿರಳವಾದುದರಿಂದ, ಯಂತ್ರವು ತಿಂಗಳುಗಟ್ಟಲೆ ಎಚ್ಚರವಾಗಿರುವುದೇ ಅಲ್ಲಿಯ ಮುಖ್ಯ ಪರೀಕ್ಷೆ.

ಜಿನೀವಾ ಬಳಿಯ ಮಹಾಯಂತ್ರದಲ್ಲಿ ಸ್ಥಿತಿಯು ಇದಕ್ಕೆ ತದ್ವಿರುದ್ಧ. ೨೦೧೫-೧೮ರ ಅವಧಿಯಲ್ಲಿ ಪ್ರೋಟಾನಿನ ಗುಚ್ಛಗಳು ಸೆಕೆಂಡಿಗೆ ೪ ಕೋಟಿಯವರೆಗೆ ಸಂಧಿಸುತ್ತಿದ್ದುವು. ಅಟ್ಲಾಸ್ ಪ್ರಯೋಗದ ಮೊದಲ ಜರಡಿಯು ಅವುಗಳಲ್ಲಿ ಸುಮಾರು ೧ ಲಕ್ಷವನ್ನೂ, ಗಣಕಗಳ ಎರಡನೆಯ ಜರಡಿಯು ಸುಮಾರು ೧,೦೦೦ವನ್ನೂ ಉಳಿಸಿದುವು. ಬಿಟ್ಟುದು ಮತ್ತೆ ದೊರೆಯದು. ಈ ಕಾರಣದಿಂದಲೇ ಒಂದು ಅಲ್ಪಭಾಗವನ್ನು ಯಾವ ಆಯ್ಕೆಯೂ ಇಲ್ಲದೆ ಕಾದಿರಿಸಿ, ಜರಡಿಯನ್ನೇ ಅದರಿಂದ ಪರೀಕ್ಷಿಸುತ್ತಾರೆ.

ಯಂತ್ರಕ್ಕೆ ಆಯಾಸವಿಲ್ಲದಿರಬಹುದು, ಆದರೆ ಅದರ ನಿಯಮವನ್ನು ಬರೆದವನು ನಿರೀಕ್ಷೆಯುಳ್ಳ ಮನುಷ್ಯನೇ. ವಿಯೆನ್ನಾದಲ್ಲಿ ಕಣ್ಣಿಗೆ ಬೇಕಾಗಿದ್ದ ಪರೀಕ್ಷೆಯು ಇಂದು ಜರಡಿಗೂ ಬೇಕಾಗಿದೆ.