ಹಿತ್ತಿಲ ಕೋಳಿಸಾಕಣೆ: ಹುಂಜದ ದಾಖಲೆ, ಹೇಂಟೆಯ ಚರಿತ್ರೆ

ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂ ಊರನ್ನು ಚರಿತ್ರೆಯ ವಿದ್ಯಾರ್ಥಿಗಳು ಆಯ್ ಅರಸರ ಬಂದರೆಂದು ಬಲ್ಲರು. ಪಾಂಡ್ಯರ ತಾಮ್ರಶಾಸನಗಳು ಅದರ ಮೇಲಿನ ದಂಡಯಾತ್ರೆಯನ್ನು ಹೇಳುತ್ತವೆ. ಅಲ್ಲಿಯ ಬಂಡೆಯಲ್ಲಿ ಕೊರೆದ ಗುಹಾದೇವಾಲಯ ಸುಮಾರು 8ನೆಯ ಶತಮಾನದ್ದು. 2025ರ ಮೇ 2ರಂದು ಉದ್ಘಾಟನೆಗೊಂಡ ಬಂದರು ಊರಿಗೆ ಹೊಸ ಖ್ಯಾತಿಯನ್ನು ತಂದಿದೆ. ಅರಸು, ದೇವರು, ಹಡಗು ಈ ಮೂರರ ದಾಖಲೆಗಳಿಂದ ಇಂಥ ಊರಿನ ಚರಿತ್ರೆಯನ್ನು ಕಟ್ಟುವುದು ರೂಢಿ. ಆದರೆ ಹಿತ್ತಿಲಲ್ಲಿ ಮನೆಯವರು ಏನನ್ನು ಸಾಕಿದರು, ಅದರಿಂದ ಅವರಿಗೆ ಏನು ದೊರೆಯಿತು ಎಂಬ ಪ್ರಶ್ನೆಗೆ ಈ ಆಕರಗಳು ನೆರವಾಗುವುದಿಲ್ಲ. ಈ ತೊಡಕು ವಿಳಿಂಜಕ್ಕೆ ಸೀಮಿತವಾದುದಲ್ಲ. ಕೇರಳದ ಉತ್ತರದ ತುದಿಯಾದ ಕಾಸರಗೋಡಿಗೂ ಅದರಾಚೆಯ ಕನ್ನಡ ಪ್ರದೇಶಕ್ಕೂ ಅಷ್ಟೇ ಅನ್ವಯಿಸುತ್ತದೆ. ಕೋಳಿಸಾಕಣೆಯನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಪದಗಳನ್ನು ಗಮನಿಸಬಹುದು. ಕನ್ನಡದ ‘ಕೋಳಿ’, ತುಳುವಿನ ‘ಕೋರಿ’ ಮತ್ತು ಮಲೆಯಾಳದ ಸಂವಾದಿ ರೂಪ ಒಂದೇ ದ್ರಾವಿಡ ಮೂಲದವು. ಗಂಡುಹೆಣ್ಣುಗಳಿಗೆ ಮಾತ್ರ ಪ್ರತ್ಯೇಕ ಪದಗಳಿವೆ: ಕನ್ನಡದಲ್ಲಿ ಹುಂಜ ಮತ್ತು ಹೇಂಟೆ, ತುಳುವಿನಲ್ಲಿ ಪುಂಜ ಮತ್ತು ಪೆರಡೆ, ಮಲೆಯಾಳದಲ್ಲಿ ಪೂವನ್ ಮತ್ತು ಪಿಡ. ಸಾಕುವವರಿಗೆ ಈ ಭೇದ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಲಿಖಿತ ಆಕರಗಳಲ್ಲಿಯೂ ಈ ಭೇದ ಕಾಣುತ್ತದೆ. ಅಲ್ಲಿ ಮುಂದೆ ಬರುವುದು ಹುಂಜವೇ.

ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಅರಸಲಾಪುರಂನಲ್ಲಿ ಸುಮಾರು 5ನೆಯ ಶತಮಾನದ ವೀರಗಲ್ಲೊಂದು ಕಾಳಗದ ಹುಂಜದ ಹೆಸರಿನಲ್ಲಿ ನಿಂತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (12ನೆಯ ಶತಮಾನ) ಕುಕ್ಕುಟ ವಿನೋದವು ಅರಸನ ವಿನೋದಗಳಲ್ಲಿ ಒಂದಾಗಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಗೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಹಲವು ತಿರ್ಯಗ್ಜನ್ಮಗಳನ್ನು ಕಳೆದು, ಕೊನೆಗೆ ಕೋಳಿಗಳಾಗಿಯೇ ಹುಟ್ಟಿ ಅರಸನ ಬಾಣಕ್ಕೆ ಗುರಿಯಾಗುತ್ತಾರೆ. ತುಳುನಾಡಿನಲ್ಲಿ ಕೋರಿಕಟ್ಟಕ್ಕೆ ಸಂಬಂಧಿಸಿ, ಹುಂಜದ ಬಣ್ಣವನ್ನೂ ದಿನವನ್ನೂ ನೋಡಿ ಸೋಲುಗೆಲುವು ಹೇಳುವ ಕುಕ್ಕುಟ ಪಂಚಾಂಗವೇ ಬೆಳೆದಿದೆ. ಆಧುನಿಕ ಕಾನೂನು ಕೂಡ ಈ ಜಾಡನ್ನೇ ಹಿಡಿದಿದೆ: ಕರ್ನಾಟಕದ 1959ರ ಮತ್ತು ಕೇರಳದ 1968ರ ಪ್ರಾಣಿಬಲಿ ನಿಷೇಧ ಶಾಸನಗಳು ಬಲಿಯನ್ನೂ, ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮ ಕಾಳಗವನ್ನೂ ಕುರಿತವು.

ಈ ಒಲವಿಗೆ ಕಾರಣ ಹಿತ್ತಿಲ ಲೆಕ್ಕಾಚಾರದಲ್ಲಿಯೇ ಇದೆ. ಪ್ರತಿ ಸೂಲಿನ ಮರಿಗಳಲ್ಲಿ ಸುಮಾರು ಅರ್ಧ ಗಂಡು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಮಿಕ್ಕ ಹುಂಜಗಳು ಮನೆಯಿಂದ ಹೊರಗೆ ಹೋಗಲೇಬೇಕು. ದೈವದ ಕೋಲಕ್ಕೆ, ಕಾಳಗದ ಕಣಕ್ಕೆ, ಸಂತೆಗೆ, ನೆಂಟರ ಊಟಕ್ಕೆ. ಶಾಸನ, ಕಾವ್ಯ, ಕಾನೂನುಗಳು ಹೊರಗೆ ನಡೆದುದನ್ನು ದಾಖಲಿಸುತ್ತವೆ. ಹೇಂಟೆ ಮನೆಯಲ್ಲಿ ಉಳಿಯುತ್ತದೆ, ಆದುದರಿಂದ ದಾಖಲೆಗೂ ಹೊರಗೆ ಉಳಿಯುತ್ತದೆ.

ಹಾಗೆ ಉಳಿದ ಹೇಂಟೆಯ ಸುತ್ತ ಒಂದು ಸಣ್ಣ ಆರ್ಥಿಕ ವ್ಯವಸ್ಥೆಯೇ ಇತ್ತು. ನಾಟಿ ಹೇಂಟೆ ವರ್ಷಕ್ಕೆ ಇಡುವ ಮೊಟ್ಟೆ ಐವತ್ತು ಅರುವತ್ತರ ಆಸುಪಾಸು. ಅದರಲ್ಲಿ ಹತ್ತು ಹನ್ನೆರಡನ್ನು ಬುಟ್ಟಿಯಲ್ಲಿರಿಸಿ ಹೇಂಟೆಯನ್ನು ಕಾವಿಗೆ ಕೂರಿಸಿದರೆ 21 ದಿನಕ್ಕೆ ಮರಿ. ಹದ್ದು, ಮುಂಗುಸಿ, ಕೊಕ್ಕರೆ ರೋಗ ಇವುಗಳಿಂದ ತಪ್ಪಿದುದು ಮನೆಯ ಪಾಲು. ಮೇವಿಗೆ ಅಂಗಳದ ಹುಳು, ನುಚ್ಚು, ತೌಡು ಸಾಕು. ಮೊಟ್ಟೆ ಮಾರಿದ ಹಣ ಸಾಮಾನ್ಯವಾಗಿ ಹೆಂಗಸರ ಕೈಯಲ್ಲಿ ಉಳಿಯುತ್ತಿತ್ತು. ಕೋಳಿಯಿಲ್ಲದವರಿಗೆ ಹೇಂಟೆಯೊಂದನ್ನು ಪಾಲಿಗೆ ಕೊಟ್ಟು, ಮರಿಗಳನ್ನು ಹಂಚಿಕೊಳ್ಳುವ ಪದ್ಧತಿಯೂ ಇತ್ತು. ಈ ವ್ಯವಸ್ಥೆಯ ಆಧಾರ ಕಾವು. ಕಾವು ಕೂರುವ ಹೇಂಟೆ ಇರುವತನಕ ಮನೆಯವರು ಮರಿಗಾಗಿ ಬೇರೆಯವರನ್ನು ಅವಲಂಬಿಸಬೇಕಾಗಿರಲಿಲ್ಲ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬದಲಾದುದು ಈ ಆಧಾರವೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಿಲ ಸಾಕಣೆಗೆಂದೇ ‘ಗಿರಿರಾಜ’ವನ್ನು ರೂಪಿಸಿತು, ಅನಂತರ ‘ಸ್ವರ್ಣಧಾರ’ ಬಂದಿತು. ಕೇರಳದ ಮಣ್ಣುತ್ತಿಯಲ್ಲಿ ‘ಗ್ರಾಮಲಕ್ಷ್ಮಿ’, ‘ಗ್ರಾಮಶ್ರೀ’ ತಳಿಗಳು ಸಿದ್ಧವಾದವು. 1989ರಲ್ಲಿ ಸ್ಥಾಪನೆಯಾದ ಕೇರಳ ರಾಜ್ಯ ಕೋಳಿ ಅಭಿವೃದ್ಧಿ ನಿಗಮವು ತಿರುವನಂತಪುರವನ್ನು ಕೇಂದ್ರವಾಗಿಟ್ಟುಕೊಂಡು, ವಿಧವೆಯರಿಗೂ ನಗರದ ಮನೆಗಳಿಗೂ ಕೋಳಿ ಹಂಚುವ ಯೋಜನೆಗಳನ್ನು ನಡೆಸಿತು. ಇವುಗಳ ಪ್ರಯೋಜನ ಸಣ್ಣದಲ್ಲ. ನಾಟಿ ಹೇಂಟೆಯ ಎರಡರಷ್ಟಕ್ಕೂ ಮಿಗಿಲಾಗಿ ಮೊಟ್ಟೆಯಿಡುವ ಕೋಳಿ ಬಡವರ ಅಂಗಳಕ್ಕೆ ಬಂದಿತು. ಆದರೆ ಮೊಟ್ಟೆಯ ಸಂಖ್ಯೆ ಹೆಚ್ಚಲು ಕಾವು ತಗ್ಗಬೇಕು. ಕಾವು ಕೂತ ಹೇಂಟೆ ಮೊಟ್ಟೆಯಿಡುವುದಿಲ್ಲ. ಸುಧಾರಿತ ತಳಿಗಳು ಕಾವು ಕೂರುವುದು ವಿರಳ. ಹೀಗೆ ಹೊಸ ಮರಿಗೆ ಮನೆಯ ಬುಟ್ಟಿಯನ್ನು ಬಿಟ್ಟು ಮರಿಕೇಂದ್ರದ ಯಂತ್ರವನ್ನು ನೆಚ್ಚಬೇಕಾಯಿತು. ಇಂಥ ಕೇಂದ್ರಗಳಿಗೂ ಅಪಾಯ ತಪ್ಪಿದ್ದಲ್ಲ: 2012ರ ಅಕ್ಟೋಬರಿನಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡಿತು. ಕಾವು ಕೂರುವ ಗುಣವುಳ್ಳ ‘ತಲಶ್ಶೇರಿ’ಯಂಥ ನಾಟಿ ತಳಿಯ ಸಂರಕ್ಷಣೆಗೆ ಈ ಹಿನ್ನೆಲೆಯಲ್ಲಿ ಹೆಚ್ಚಿನ ಅರ್ಥವಿದೆ.

ಹಿತ್ತಿಲ ಸಾಕಣೆ ಅಳಿದುಹೋದ ಸಂಗತಿಯಲ್ಲ. 2019ರ 20ನೆಯ ಜಾನುವಾರು ಗಣತಿಯಂತೆ ಭಾರತದ ಸುಮಾರು 85.18 ಕೋಟಿ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಿಲಲ್ಲಿವೆ. ಹಿಂದಿನ ಗಣತಿಗಿಂತ ಇದು ಸುಮಾರು ಶೇ. 46ರಷ್ಟು ಹೆಚ್ಚು. ಗಣತಿ ತಲೆಯೆಣಿಸುತ್ತದೆ, ಮೊಟ್ಟೆಯ ಹಣ ಯಾರ ಕೈ ಸೇರಿತು, ಪಾಲಿನ ಕರಾರು ಹೇಗಿತ್ತು ಎಂಬುದನ್ನು ಕೇಳುವುದಿಲ್ಲ. ಅದನ್ನು ಹೇಳಬಲ್ಲವರು ಕಾವಿಗೆ ಕೂರಿಸಿ ಮರಿ ಮಾಡಿಸಿದ ಹಿರಿಯ ಹೆಂಗಸರು. ಕಾಸರಗೋಡಿನಂಥ ಬಹುಭಾಷಾ ಪ್ರದೇಶದಲ್ಲಿ ಕನ್ನಡ, ತುಳು, ಮಲೆಯಾಳ ಮೂರರಲ್ಲಿಯೂ ಅವರ ಕಾವಿನ, ರೋಗದ, ಮದ್ದಿನ, ಪಾಲಿನ ಪದಗಳನ್ನು ಒಟ್ಟಿಗೆ ಸಂಗ್ರಹಿಸುವುದು ಸಾಧ್ಯ. ಹೊರನಾಡಿನ ಸಂಶೋಧಕರು ತಾವಿರುವ ಪ್ರದೇಶದ ಸಾಮಗ್ರಿಯನ್ನು ಇದರೊಂದಿಗೆ ಹೋಲಿಸಿದರೆ, ಲಿಖಿತ ಆಕರಗಳು ಬಿಟ್ಟ ಅರ್ಧ ಚರಿತ್ರೆಯನ್ನು ತುಂಬಿಕೊಡಲು ಅನುಕೂಲವಾಗುತ್ತದೆ.