"ಲಿವರ್ ಹೇಗೂ ಮತ್ತೆ ಬೆಳೆಯುತ್ತಲ್ಲ": ಈ ಮಾತು ಎಲ್ಲಿಂದ ಬಂತು?

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಿಂದ. ಹೋದ ವರ್ಷ ನಮ್ಮ ಚಿಕ್ಕಪ್ಪನಿಗೆ ಲಿವರ್ ಕಸಿ ಮಾಡಲೇಬೇಕು ಅಂತ ಡಾಕ್ಟ್ರು ಹೇಳಿದ್ರು. ಸುದ್ದಿ ಬಂದು ಅರ್ಧ ಗಂಟೆ ಆಗಿಲ್ಲ, ಗ್ರೂಪಲ್ಲಿ ಒಂದು ಮೆಸೇಜು: "ಮಗಳ ಬ್ಲಡ್ ಗ್ರೂಪ್ ಒಂದೇ ಅಲ್ವಾ, ಅವಳೇ ಕೊಡ್ಲಿ. ಲಿವರ್ ಹೇಗೂ ಮತ್ತೆ ಬೆಳೆಯುತ್ತಲ್ಲ." ಅದಕ್ಕೆ ಸಾಲಾಗಿ ಥಂಬ್ಸ್ ಅಪ್. ಆ ಮಗಳು, ಅಂದ್ರೆ ನನ್ನ ತಂಗಿ, 23 ವರ್ಷ, ಅದೇ ಗ್ರೂಪಲ್ಲಿ ಇದ್ಲು. ಏನೂ ಬರೀಲಿಲ್ಲ. ರಾತ್ರಿ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಅದು ನಿಜವಾಗ್ಲೂ ಬೆಳೆಯುತ್ತಾ?"

ನಾನು ಬಿ.ಕಾಂ. ಓದಿದವನು. ಗೊತ್ತಿಲ್ಲ ಅಂದೆ. ಆಮೇಲೆ ಓದೋಕೆ ಕೂತೆ.

ಈ ವಿಷಯ ಹುಡುಕಿದ್ರೆ ಮೊದಲು ಸಿಗೋದು ಗ್ರೀಕರ ಪ್ರಮೀಥಿಯಸ್ ಕಥೆ. ದೇವರ ಬೆಂಕಿ ಕದ್ದ ಅಂತ ಅವನನ್ನ ಕಟ್ಟಿಹಾಕ್ತಾರೆ, ಹಗಲು ಹದ್ದು ಬಂದು ಲಿವರ್ ತಿನ್ನುತ್ತೆ, ರಾತ್ರಿ ಅದು ಮತ್ತೆ ಬೆಳೆಯುತ್ತೆ. ಅದಕ್ಕೇ ಗ್ರೀಕರಿಗೆ ಇದು ಮೊದಲೇ ಗೊತ್ತಿತ್ತು ಅಂತ ಎಲ್ಲರೂ ಬರೀತಾರೆ. ನನಗೆ ನಂಬಿಕೆ ಇಲ್ಲ. ಅವನು ಸಾವಿಲ್ಲದವನು, ಹದ್ದು ಕಿಡ್ನಿ ತಿಂದಿದ್ರೂ ಬೆಳೀತಿತ್ತು.

ಲೆಕ್ಕ ಇಟ್ಟು ನೋಡಿದ ಮೊದಲಿಗರಲ್ಲಿ ಒಬ್ಬ ಜರ್ಮನ್ ವೈದ್ಯ ಎಮಿಲ್ ಪಾನ್‌ಫಿಕ್. 1890ರ ಸುಮಾರಿಗೆ ಮೊಲಗಳ ಲಿವರಿನ ಮುಕ್ಕಾಲು ಭಾಗದವರೆಗೂ ಕತ್ತರಿಸಿ ತೆಗೆದ. ಬದುಕಿ ಉಳಿದ ಮೊಲಗಳಲ್ಲಿ ಉಳಿದ ಚೂರು ದೊಡ್ಡದಾಗಿತ್ತು. 1931ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಇದನ್ನೇ ಇಲಿಗಳ ಮೇಲೆ ಅಚ್ಚುಕಟ್ಟಾಗಿ ಮಾಡಿದ್ರು. ಇಲಿಯ ಲಿವರ್ ಎಲೆ ಎಲೆಯಾಗಿ ಬಿಡಿಬಿಡಿ ಇರುತ್ತೆ, ಹಾಗಾಗಿ ಎರಡು ದೊಡ್ಡ ಎಲೆಗಳನ್ನ ದಾರ ಕಟ್ಟಿ ತೆಗೆದ್ರೆ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಹೋಯ್ತು. ಏಳರಿಂದ ಹತ್ತು ದಿನದಲ್ಲಿ ತೂಕ ವಾಪಸ್. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಈ ವಿಧಾನವೇ ನಡೀತಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಕತ್ತರಿಸಿದ ಎಲೆ ಮತ್ತೆ ಚಿಗುರಲ್ಲ. ಹಲ್ಲಿ ಬಾಲದ ತರ ಅಲ್ಲ ಇದು. ಉಳಿದ ಭಾಗದ ಜೀವಕೋಶಗಳು ಒಡೆದು ಹೆಚ್ಚಾಗಿ, ಆ ಭಾಗವೇ ಊದಿಕೊಳ್ಳುತ್ತೆ. ಬ್ಯಾಂಕ್ ಭಾಷೇಲಿ ಹೇಳ್ಬೇಕಂದ್ರೆ, ಮುಚ್ಚಿದ ಬ್ರಾಂಚ್ ಮುಚ್ಚಿದ್ದೇ, ಉಳಿದ ಬ್ರಾಂಚುಗಳಲ್ಲಿ ಕೌಂಟರ್ ಜಾಸ್ತಿ ಮಾಡ್ತಾರೆ. ಹಾಗಾಗಿ "ಮತ್ತೆ ಬೆಳೆಯುತ್ತೆ" ಅನ್ನೋದು ಅರ್ಧ ನಿಜ.

ಈಗ ನನಗೆ ಇಡೀ ಕಥೇಲಿ ತುಂಬಾ ಇಷ್ಟವಾದ ಭಾಗ. ಸುಮ್ಮನೆ ಮಲಗಿದ್ದ ಜೀವಕೋಶಕ್ಕೆ "ಏಳು, ಕೆಲಸ ಇದೆ" ಅಂತ ಹೇಳಿದ್ದು ಯಾರು? 1951ರಲ್ಲಿ ಬಾಸ್ಟನ್‌ನ ನ್ಯಾನ್ಸಿ ಬುಚರ್ ಮತ್ತು ಅವರ ಜೊತೆಗಾರರು ಎರಡೆರಡು ಇಲಿಗಳನ್ನ ಪಕ್ಕ ಪಕ್ಕ ಇಟ್ಟು ಹೊಲಿದ್ರು. ಕೇಳೋಕೆ ಕಷ್ಟ, ನನಗೂ ಓದೋಕೆ ಕಷ್ಟ ಆಯ್ತು. ಹಾಗೆ ಹೊಲಿದಾಗ ಇಬ್ಬರ ರಕ್ತ ಒಂದಕ್ಕೊಂದು ಸೇರುತ್ತೆ. ಆಮೇಲೆ ಒಂದು ಇಲಿಯ ಲಿವರ್ ಮಾತ್ರ ಕತ್ತರಿಸಿದ್ರು. ಚಾಕು ಸೋಕದೇ ಇದ್ದ ಇನ್ನೊಂದು ಇಲಿಯ ಲಿವರಿನಲ್ಲೂ ಜೀವಕೋಶಗಳು ಒಡೆಯೋಕೆ ಶುರುವಾದ್ವು! ಅಂದ್ರೆ ಸುದ್ದಿ ರಕ್ತದಲ್ಲಿ ಹೋಗ್ತಿತ್ತು. 1967ರಲ್ಲಿ ಬುಚರ್ ಮತ್ತು ಮೂಲ್ಟನ್ ಎರಡು ಇಲಿಗಳ ರಕ್ತನಾಳಗಳನ್ನ ಕೊಳವೆಯಲ್ಲಿ ಜೋಡಿಸಿ ಅದನ್ನ ಇನ್ನೂ ಗಟ್ಟಿ ಮಾಡಿದ್ರು. ಆ ಸುದ್ದಿ ತರೋ ವಸ್ತುಗಳಲ್ಲಿ ಒಂದನ್ನ ಜಪಾನಿನ ತೊಶಿಕಾಜು ನಕಮುರಾ ತಂಡ ಹಿಡಿದಿದ್ದು 1984ರಲ್ಲಿ, ಅದೂ ಲಿವರ್ ಕತ್ತರಿಸಿದ ಇಲಿಗಳ ರಕ್ತದಿಂದಲೇ. ಹೆಪಟೊಸೈಟ್ ಗ್ರೋತ್ ಫ್ಯಾಕ್ಟರ್ ಅಂತ ಅದಕ್ಕೆ ಹೆಸರು. ಇದೊಂದೇ ಅಲ್ಲ. ಕರುಳಿನಿಂದ ಬರೋ ಅಷ್ಟೂ ರಕ್ತ ಈಗ ಚಿಕ್ಕ ಲಿವರಿಗೆ ನುಗ್ಗುತ್ತೆ, ಆ ಒತ್ತಡವೂ ಒಂದು ಕರೆ. ಆದ್ರೆ ಸರಿಯಾದ ಅಳತೆಗೆ ಬಂದ ತಕ್ಷಣ "ಸಾಕು" ಅನ್ನೋದು ಯಾರು? ಅದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಈ ಉತ್ತರ ಸಿಗೋ ಮೊದಲೇ ಸರ್ಜನ್‌ಗಳು ಮನುಷ್ಯರ ಮೇಲೆ ಕೈ ಹಾಕಿದ್ರು. ಬೇರೆ ದಾರಿ ಇರಲಿಲ್ಲ, ಚಿಕ್ಕ ಮಕ್ಕಳಿಗೆ ಹೊಂದೋ ಅಳತೆಯ ಲಿವರ್ ಸಿಗದೆ ಮಕ್ಕಳು ಸಾಯ್ತಿದ್ರು. 1988ರ ಡಿಸೆಂಬರಿನಲ್ಲಿ ಬ್ರೆಜಿಲ್‌ನ ಸಿಲ್ವಾನೊ ರಾಯಾ ಬದುಕಿರೋ ದಾನಿಯಿಂದ ಲಿವರಿನ ತುಂಡು ತೆಗೆದು ಮಗುವಿಗೆ ಹಾಕಿದ್ರು. ಮಗು ಉಳೀಲಿಲ್ಲ. 1989ರ ಜುಲೈನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಸೆಲ್ ಸ್ಟ್ರಾಂಗ್ ಒಬ್ಬ ಜಪಾನಿ ತಾಯಿಯ ಲಿವರಿನ ತುಂಡನ್ನ ಅವಳ ಮಗನಿಗೆ ಹಾಕಿ ಗೆದ್ದರು. ಜಪಾನಿನವರು ಅಲ್ಲಿಗೆ ಯಾಕೆ ಹೋದ್ರು? ಮೆದುಳು ಸತ್ತವರಿಂದ ಅಂಗ ತೆಗೆಯೋಕೆ ಜಪಾನಿನಲ್ಲಿ ಆಗ ಕಾನೂನೇ ಇರಲಿಲ್ಲ, ಅದು ಬಂದಿದ್ದು 1997ರಲ್ಲಿ.

ಅದೇ ವರ್ಷ ಶಿಕಾಗೊದಲ್ಲಿ ಇನ್ನೊಂದು ತಂಡ ಬೇರೆ ತರ ಕೆಲಸ ಮಾಡ್ತು. ಕ್ರಿಸ್ಟಾಫ್ ಬ್ರೋಲ್ಶ್ ಅವರ ತಂಡ. ಆಪರೇಷನ್ ಮಾಡೋ ಮೊದಲೇ, ಆರೋಗ್ಯವಾಗಿರೋ ಅಪ್ಪ ಅಮ್ಮಂದಿರನ್ನ ಕತ್ತರಿಸೋದು ಸರಿಯಾ ತಪ್ಪಾ ಅಂತ ಅವರ ಕಡೆಯವರು 1989ರ ಆಗಸ್ಟಿನಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದು, ಎಲ್ಲರ ಮುಂದೆ ಚರ್ಚೆಗೆ ಇಟ್ಟರು. ನವೆಂಬರಿನಲ್ಲಿ ಮೊದಲ ಆಪರೇಷನ್, ತಾಯಿಯಿಂದ ಮಗಳಿಗೆ. ಮಗು ಉಳೀತು. ಆದ್ರೆ ಆಪರೇಷನ್ ವೇಳೆ ತಾಯಿಯ ಸ್ಪ್ಲೀನ್, ಅಂದ್ರೆ ಗುಲ್ಮ, ಅದಕ್ಕೆ ಪೆಟ್ಟಾಗಿ ಅದನ್ನ ತೆಗೆದೇ ಹಾಕಬೇಕಾಯ್ತು. ಲಿವರ್ ಬೆಳೆಯುತ್ತೆ, ಸರಿ. ಹಾಗೆ ತೆಗೆದುಹಾಕಿದ ಗುಲ್ಮ ವಾಪಸ್ ಬರಲ್ಲ.

ಮಕ್ಕಳಿಗಾದ್ರೆ ಎಡಗಡೆಯ ಚಿಕ್ಕ ತುಂಡು ಸಾಕು. ದೊಡ್ಡವರಿಗೆ ಸಾಲಲ್ಲ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಫಾನ್ ಶೆಂಗ್ ಟಾಟ್ ತಂಡ ಬಲಗಡೆಯ ದೊಡ್ಡ ಭಾಗವನ್ನೇ ತೆಗೆದು ದೊಡ್ಡವರಿಗೆ ಹಾಕೋದನ್ನ ಶುರು ಮಾಡ್ತು. ನಮ್ಮ ಚಿಕ್ಕಪ್ಪನಿಗೆ ಬೇಕಾಗಿದ್ದೂ ಅದೇ. ಬಲಭಾಗ ಅಂದ್ರೆ ಲಿವರಿನ ಅರ್ಧಕ್ಕಿಂತ ಹೆಚ್ಚು. ಹಾಗೆ ಕೊಡೋರಲ್ಲಿ 200ರಿಂದ 500 ಜನಕ್ಕೆ ಒಬ್ಬರು ಪ್ರಾಣ ಕಳ್ಕೊಳ್ತಾರೆ ಅನ್ನೋದು ವೈದ್ಯರು ಸಾಮಾನ್ಯವಾಗಿ ಹೇಳೋ ಲೆಕ್ಕ. ಥಂಬ್ಸ್ ಅಪ್ ಒತ್ತಿದವರಲ್ಲಿ ಯಾರೂ ಇದನ್ನ ಕೇಳಿರಲಿಲ್ಲ.

ಭಾರತದಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದಿದ್ದು 1994ರಲ್ಲಿ. 1998ರಲ್ಲಿ ದೆಹಲಿಯಲ್ಲಿ ಕಾಂಚೀಪುರದ ಒಂದು ಪುಟ್ಟ ಗಂಡುಮಗುವಿಗೆ ಅಪ್ಪನೇ ಲಿವರಿನ ತುಂಡು ಕೊಟ್ಟರು. ಆ ಮಗು ಬೆಳೆದು ಡಾಕ್ಟರ್ ಆಗಿದ್ದಾನೆ. ಸತ್ತವರಿಂದ ಅಂಗದಾನ ನಮ್ಮಲ್ಲಿ ಇವತ್ತಿಗೂ ಕಡಿಮೆ. ಹಾಗಾಗಿ ಲಿವರ್ ಬೇಕಾದವರು ಮೊದಲು ನೋಡೋದು ಮನೆಯವರ ಮುಖವನ್ನೇ. ಕೊಡೋರಲ್ಲಿ ಹೆಂಗಸರೇ ಹೆಚ್ಚು. ಹೆಂಡತಿ, ತಾಯಿ, ಮಗಳು.

ತಂಗಿ ಇನ್ನೊಂದು ಪ್ರಶ್ನೆ ಕೇಳಿದ್ಲು: "ಅಷ್ಟು ಬೆಳೆಯೋದಾದ್ರೆ ಅಪ್ಪನದ್ದು ಯಾಕೆ ಬೆಳೀಲಿಲ್ಲ?" ಚಿಕ್ಕಪ್ಪ ಕುಡಿಯೋರಲ್ಲ. ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್. ಒಂದು ಸಲ ಕತ್ತರಿಸಿದ್ರೆ ಲಿವರ್ ಸುಧಾರಿಸ್ಕೊಳ್ಳುತ್ತೆ, ಆದ್ರೆ ವರ್ಷಾನುಗಟ್ಟಲೆ ದಿನಾ ಪೆಟ್ಟು ಬೀಳ್ತಿದ್ರೆ ಗಾಯದ ಕಲೆ ಗಟ್ಟಿಯಾಗ್ತಾ ಹೋಗುತ್ತೆ. ಆಗ ಬೆಳೆಯೋ ಜೀವಕೋಶಗಳೂ ಕಲೆಗಳ ಮಧ್ಯೆ ಗಂಟು ಗಂಟಾಗಿ ಸಿಕ್ಕಿಹಾಕ್ಕೊಳ್ತವೆ. ಅದೇ ಸಿರೋಸಿಸ್.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ತಂಗಿಯನ್ನ ಒಬ್ಬಳನ್ನೇ ಒಳಗೆ ಕರೆದು ಕೂರಿಸಿಕೊಂಡ್ರು. "ನಿಂಗೆ ಬೇಡ ಅನ್ಸಿದ್ರೆ ಹೇಳಮ್ಮ. ಮನೆಯವರಿಗೆ ನಾವು 'ನಿನ್ನ ಲಿವರ್ ಹೊಂದಲ್ಲ' ಅಂತಷ್ಟೇ ಹೇಳ್ತೀವಿ, ಕಾರಣ ಹೇಳಲ್ಲ" ಅಂದ್ರಂತೆ. ಅವಳು ನಾಲ್ಕು ದಿನ ಯೋಚಿಸಿದ್ಲು. ಆ ನಾಲ್ಕು ದಿನ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಫೋಟೋ ಬರ್ತಾನೇ ಇತ್ತು.

ಕೊಟ್ಟಳು. ಚಿಕ್ಕಪ್ಪ ಈಗ ಮನೆಯಲ್ಲಿದ್ದಾರೆ, ಜೀವನಪೂರ್ತಿ ಮಾತ್ರೆ. ಅವಳಿಗೆ ಮೂರು ತಿಂಗಳು ಭಾರ ಎತ್ತೋ ಹಾಗಿರಲಿಲ್ಲ, ಸಿ.ಎ. ಇಂಟರ್ ಒಂದು ಅಟೆಂಪ್ಟ್ ಹೋಯ್ತು, ಹೊಟ್ಟೆ ಮೇಲೆ ಉದ್ದಕ್ಕೆ ಹೊಲಿಗೆ ಗುರುತು. ಮೂರು ತಿಂಗಳ ಸ್ಕ್ಯಾನ್ ರಿಪೋರ್ಟ್ ನನಗೆ ಕಳಿಸಿದ್ಲು. ಎಡಭಾಗ ಚೆನ್ನಾಗಿ ದೊಡ್ಡದಾಗಿತ್ತು, ಮೊದಲಿನ ಅಳತೆಗೆ ಇನ್ನೂ ಸ್ವಲ್ಪ ಕಡಿಮೆ. ಕೆಲವರಲ್ಲಿ ಅಷ್ಟಕ್ಕೇ ನಿಲ್ಲುತ್ತಂತೆ. ಕೆಳಗೆ ಅವಳ ಮೆಸೇಜು: "ಅಣ್ಣಾ, ಇದನ್ನ ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡ."

ಅವಳನ್ನ ಕೇಳಿಯೇ ಈ ಎಪಿಸೋಡ್ ಮಾಡಿದ್ದು. ಮುಂದಿನ ವಾರ ಸಿಗೋಣ.